ಕಸಿ ಕಿಡ್ನಿಯ ಎಂಆರ್‌ಐ: ವೈದ್ಯಕೀಯ ಶಿಕ್ಷಣ ಸಚಿವರಿಗೆ ಬಹಿರಂಗ ಪತ್ರ

ಮಾನ್ಯ ಸಚಿವರಿಗೆ ನಮಸ್ಕಾರ.

ಕಿಡ್ನಿ ಕಸಿಯಾದವರನ್ನು ಪ್ರತಿ ತಪಾಸಣೆಯಲ್ಲೂ ಮೊದಲು ಅಳೆಯುವುದು ಕಿಡ್ನಿ ಸೋಸಿ ಹೊರಹಾಕಬೇಕಾದ ತ್ಯಾಜ್ಯವಾದ, ರಕ್ತದ ಕ್ರಿಯಾಟಿನಿನ್‌ನಿಂದ. ಅದು ಏರುವ ಹೊತ್ತಿಗೆ ಒಳಗೆ ಹಾನಿ ಬಹಳಷ್ಟು ಆಗಿಹೋಗಿರಬಹುದು. ಏರಿದರೂ ಕಾರಣ ತಿಳಿಯದು. ದೇಹ ಕಿಡ್ನಿಯನ್ನು ತಿರಸ್ಕರಿಸುತ್ತಿದೆಯೋ, ತಿರಸ್ಕಾರ ತಡೆಯುವ ಔಷಧ ಟ್ಯಾಕ್ರೋಲಿಮಸ್ ಹೆಚ್ಚಾಯಿತೋ, ಕಸಿ ಕಿಡ್ನಿಗೆ ಹಾನಿ ಮಾಡುವ ಬಿಕೆ ವೈರಸ್ಸೋ, ರೋಗಿ ನೀರು ಕಡಿಮೆ ಕುಡಿದದ್ದೋ? ಕೊನೆಗೆ ಬಯಾಪ್ಸಿಯೇ ಗತಿ. ಸೂಜಿಗೆ ಸಿಗುವುದು ಒಂದೂವರೆ ಸೆಂಟಿಮೀಟರ್ ಉದ್ದದ, ನೂಲಿನಂಥ ಒಂದೆರಡು ಎಳೆ. ಹಾನಿಯಾಗಿ ನಾರುಗಟ್ಟಿದ ಜಾಗ ಪಕ್ಕದಲ್ಲೇ ಇದ್ದರೂ ತಪ್ಪಿಹೋಗುತ್ತದೆ. ರಕ್ತಸ್ರಾವದ ಭಯ ಬೇರೆ.

ಎಂಆರ್‌ಐ ಇಡೀ ಕಿಡ್ನಿಯನ್ನು ನೋಡುತ್ತದೆ. ಕಸಿ ಕಿಡ್ನಿ ಕೆಳಹೊಟ್ಟೆಯ ಒಂದು ಬದಿಯಲ್ಲಿ, ಚರ್ಮಕ್ಕೆ ಹತ್ತಿರ ಇರುವುದರಿಂದ ಉಸಿರಾಟಕ್ಕೆ ಹೆಚ್ಚು ಅಲುಗುವುದಿಲ್ಲ, ಚಿತ್ರ ಚೊಕ್ಕವಾಗಿ ಬರುತ್ತದೆ. ಡಿಫ್ಯೂಷನ್ ಚಿತ್ರ ನೀರಿನ ಕಣಗಳ ಓಡಾಟ ಅಳೆಯುತ್ತದೆ. ನಾರು ಹೆಚ್ಚಿದಂತೆ ಆ ಓಡಾಟದ ಅಳತೆಯಾದ ಎಡಿಸಿ ಅಂಕಿ ಇಳಿಯುತ್ತದೆ. ಬೋಲ್ಡ್ ಎಂಬ ಎಂಆರ್‌ಐ ವಿಧಾನ ಕಿಡ್ನಿಯೊಳಗಿನ ಆಮ್ಲಜನಕದ ಸುಳಿವು ಕೊಟ್ಟರೆ, ಎಎಸ್‌ಎಲ್ ಎಂಬ ಇನ್ನೊಂದು ವಿಧಾನ ರಕ್ತದಲ್ಲಿನ ನೀರನ್ನೇ ಗುರುತು ಮಾಡಿ ಹರಿವು ತೋರಿಸುತ್ತದೆ. ಮೂರಕ್ಕೂ, ಚಿತ್ರ ಎದ್ದು ಕಾಣಲೆಂದು ಕೊಡುವ ಗ್ಯಾಡೊಲಿನಿಯಂ ಔಷಧ ಚುಚ್ಚಬೇಕಿಲ್ಲ. ಇದು ಸಣ್ಣ ಮಾತಲ್ಲ: ಕಿಡ್ನಿ ಸೋಸುವ ಶಕ್ತಿಯ ಅಂಕಿಯಾದ ಇಜಿಎಫ್‌ಆರ್ 30ಕ್ಕಿಂತ ಕೆಳಗಿದ್ದವರಿಗೆ ಹಳೆಯ ಬಗೆಯ ಗ್ಯಾಡೊಲಿನಿಯಂನಿಂದ ಚರ್ಮ, ಕೀಲು ಬಿಗಿದುಕೊಳ್ಳುವ ಕಾಯಿಲೆ ಬರಬಹುದೆಂದು 2006ರಲ್ಲೇ ಗೊತ್ತಾಗಿದೆ.

ಎಡವಟ್ಟಾಗುವುದೂ ಇದೆ. ಕುಡಿದ ನೀರು, ಮೂತ್ರ ಹೆಚ್ಚಿಸುವ ಫ್ಯೂರೊಸೆಮೈಡ್ ಮಾತ್ರೆ ಬೋಲ್ಡ್ ಅಂಕಿಯನ್ನು ಬದಲಿಸುತ್ತವೆ. ಕರುಳಿನ ಗಾಳಿ, ಆಪರೇಷನ್ ಕ್ಲಿಪ್ ಹತ್ತಿರವಿದ್ದರೆ ಚಿತ್ರದಲ್ಲಿ ಕಪ್ಪು ಮಚ್ಚೆ ಬೀಳುತ್ತದೆ. ಒಂದು ಯಂತ್ರದ ಎಡಿಸಿಯನ್ನು ಇನ್ನೊಂದರ ಜೊತೆ ಹೋಲಿಸಲಾಗದು. ಹಾಗಾಗಿ ಅದೇ ಯಂತ್ರ, ಅದೇ ವಿಧಾನ, ನೀರು-ಮಾತ್ರೆಯ ಅದೇ ನಿಯಮ ಇರಲೇಬೇಕು. ತಿರಸ್ಕಾರವೋ ಔಷಧದ ವಿಷವೋ ಎಂಬುದನ್ನು ಎಂಆರ್‌ಐ ಖಚಿತವಾಗಿ ಬಿಡಿಸಿ ಹೇಳುವುದಿಲ್ಲ. ಮೊದಲು ರಕ್ತದ ಹರಿವು ನೋಡುವ ಡಾಪ್ಲರ್ ಅಲ್ಟ್ರಾಸೌಂಡ್, ಬೇಕಾದಲ್ಲಿ ಬಯಾಪ್ಸಿ, ಇವು ಇರಲೇಬೇಕು. ಯಾರಿಗೆ, ಯಾವಾಗ ಸೂಜಿ ಹಾಕಬೇಕೆಂದು ತೀರ್ಮಾನಿಸಲು ಎಂಆರ್‌ಐ ನೆರವಾಗಲಿ ಎಂಬುದಷ್ಟೇ ನಮ್ಮ ಮಾತು.

ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆ ಆವರಣದ ನೆಫ್ರೋ ಯುರಾಲಜಿ ಸಂಸ್ಥೆಯ ರೋಗಿಗಳಿಂದ ಇದನ್ನು ಅಧ್ಯಯನವಾಗಿಯೇ ಶುರು ಮಾಡಿಸಿ. ಕಸಿಯಾದ ಮೂರನೇ ತಿಂಗಳು, ಕ್ರಿಯಾಟಿನಿನ್ ಸ್ಥಿರವಾಗಿರುವಾಗ, ಅರ್ಧ ಗಂಟೆಯ ಒಂದು ಸ್ಕ್ಯಾನ್, ವರ್ಷಕ್ಕೆ ಇನ್ನೊಂದು. ಮುಂದೆ ಏರುಪೇರಾದರೆ ಹೋಲಿಸಲು ಆ ರೋಗಿಯದೇ ಹಳೆಯ ಚಿತ್ರ ಇರುತ್ತದೆ. ಎಎಸ್‌ಎಲ್ ಸಾಫ್ಟ್‌ವೇರನ್ನು ಬಹಳ ಸಲ ಯಂತ್ರದ ಜೊತೆಗೆ ಕೊಡದೆ ಬೇರೆ ದರಕ್ಕೆ ಮಾರುತ್ತಾರೆ, ಅದನ್ನು ಟೆಂಡರ್ ಷರತ್ತಿನಲ್ಲೇ ಬರೆಸಿ. ವರದಿಯಲ್ಲಿ ‘ಕಸಿ ಕಿಡ್ನಿ ನಾರ್ಮಲ್’ ಎಂದರೆ ಸಾಲದು; ಕಿಡ್ನಿಯ ಹೊರಪದರವಾದ ಕಾರ್ಟೆಕ್ಸ್‌ನ ಎಡಿಸಿ ಎಷ್ಟು, ಯಾವ ಯಂತ್ರ, ರೋಗಿ ಎಷ್ಟು ನೀರು ಕುಡಿದಿದ್ದರು ಎಂಬುದೆಲ್ಲ ಫೈಲಿನಲ್ಲಿ ಇರಬೇಕು.

ಇಂತಿ,
ಕಸಿ ಕಿಡ್ನಿ ರೋಗಿಗಳ ಆರೈಕೆಯಲ್ಲಿರುವ ವೈದ್ಯರು ಮತ್ತು ಎಂಆರ್‌ಐ ತಂತ್ರಜ್ಞರು