ದೋಣಿ ಎಳೆಯುವ ವ್ಯಾನಿಗೆ ಕನ್ನಡಿ ಎಲ್ಲಿ?

ಮಾನ್ಯ ಸಂಪಾದಕರೇ,

ಕಾರವಾರದ ಬೈತಖೋಲ್ ಬಂದರಿನಿಂದ ಅಂಕೋಲೆಗೆ ನನ್ನ ಹಳೇ ವ್ಯಾನಿಗೆ ಟ್ರೈಲರ್ ಕಟ್ಟಿ ದೋಣಿ ಎಳೆಯುತ್ತೇನೆ. ಮೂಲ ಕನ್ನಡಿಯಲ್ಲಿ ಕಾಣುವುದು ದೋಣಿಯ ಹೊಟ್ಟೆ ಮಾತ್ರ. ಬಿಣಗಾ ಬಳಿ ಹಿಂದಿದ್ದ ಬೈಕು ಹಾರ್ನ್ ಹೊಡೆದ ಮೇಲೇ ಗೊತ್ತಾಯಿತು!

ಅಂಗಡಿಯವರು ಉಬ್ಬು ಕನ್ನಡಿ ಕೊಟ್ಟರು. ನೋಟವೇನೋ ಅಗಲ. ಆದರೆ ಬೆನ್ನಿಗೇ ಬಂದ ಲಾರಿಯೂ ಸಣ್ಣದಾಗಿ, ದೂರ ಇದ್ದಂತೆ ಕಾಣುತ್ತದೆ. ಚಪ್ಪಟೆ ಗಾಜು ದೂರವನ್ನು ಸರಿಯಾಗಿ ತೋರಿಸುತ್ತದೆ, ಪಕ್ಕದ್ದನ್ನು ಬಿಡುತ್ತದೆ. ಹಾಗಾಗಿ ಮೇಲೆ ಚಪ್ಪಟೆ, ಕೆಳಗೆ ಸಣ್ಣ ಉಬ್ಬು, ಎರಡೂ ಬೇಕು. ಕನ್ನಡಿ ಹಿಡಿಯುವ ಕೈ ಸುಮ್ನೆ ಉದ್ದವಿದ್ದರೆ ಸಾಲದು, ಅಲ್ಲಾಡಿದರೆ ಎಲ್ಲ ಮಸುಕು. ಬಾಗಿಲಿಗೆ ಮೇಲೆ ಕೆಳಗೆ ಎರಡು ಕಡೆ ಬೋಲ್ಟ್ ಬೀಳಬೇಕು. ಅದೂ ಸ್ಟೇನ್‌ಲೆಸ್. ನಮ್ಮ ಉಪ್ಪುಗಾಳಿಗೆ ಕಬ್ಬಿಣದ್ದು ಒಂದೇ ಮಳೆಗಾಲಕ್ಕೆ ತುಕ್ಕು ಹಿಡಿದು ಕೂತುಬಿಟ್ಟಿತು.

ಇಂಥ ಕನ್ನಡಿಯನ್ನು ಕಾರವಾರದ ಅಂಗಡಿಗಳೇ ತರಿಸಿದರೆ ಹುಬ್ಬಳ್ಳಿಗೆ ಓಡುವುದು ತಪ್ಪುತ್ತದೆ, ಅಲ್ವಾ?

– ಓರ್ವ ವ್ಯಾನ್ ಚಾಲಕ, ಕಾರವಾರ