ಎಂಬಿ ಎಂದರೆ ಯಾವ ಎಂಬಿ?

ಮಾನ್ಯ ಸಂಪಾದಕರೇ,

ಇಂಟರ್ನೆಟ್ ವೇಗದ ಕುರಿತು ನಿಮ್ಮ ಪತ್ರಿಕೆಯಲ್ಲಿ ಬರುವ ವರದಿಗಳಲ್ಲಿ '100 ಎಂಬಿ ವೇಗ' ಎಂಬ ಮಾತು ಮತ್ತೆ ಮತ್ತೆ ಕಣ್ಣಿಗೆ ಬೀಳುತ್ತದೆ. ಇದು ಮೆಗಾಬಿಟ್ಟೋ, ಮೆಗಾಬೈಟೋ? ಇಂಗ್ಲಿಷಿನಲ್ಲಿ ಚಿಕ್ಕ 'ಬಿ' ಬರೆದರೆ ಬಿಟ್, ದೊಡ್ಡ 'ಬಿ' ಬರೆದರೆ ಬೈಟ್. ನಮ್ಮ ಲಿಪಿಯಲ್ಲಿ ದೊಡ್ಡಕ್ಷರ, ಚಿಕ್ಕಕ್ಷರ ಎಂಬ ಭೇದವೇ ಇಲ್ಲವಾದ್ದರಿಂದ ಎರಡೂ 'ಎಂಬಿ' ಎಂದೇ ಅಚ್ಚಾಗುತ್ತವೆ. ಆದರೆ ಎಂಟು ಬಿಟ್ ಸೇರಿದರೆ ಒಂದು ಬೈಟ್; ಎರಡರ ನಡುವಿನ ಅಂತರ ಎಂಟು ಪಟ್ಟು. 'ಸೆಕೆಂಡಿಗೆ' ಎಂಬ ಪದವೂ ಬಿಟ್ಟುಹೋದರೆ ಅದು ವೇಗವೇ ಅಲ್ಲ, ಬರೀ ಪ್ರಮಾಣ.

ಮೊನ್ನೆ ನನ್ನ ಮಗಳು 700 ಮೆಗಾಬೈಟಿನ ಪಾಠದ ವಿಡಿಯೊ ಇಳಿಸಿಕೊಳ್ಳಲು ಕುಳಿತಳು. "ನಮ್ಮದು ನೂರರ ಸಂಪರ್ಕ, ಏಳು ಸೆಕೆಂಡು ಸಾಕು" ಎಂದಳು. ಏಳು ಸೆಕೆಂಡು ಕಳೆದಾಗ ಪರದೆಯ ಮೇಲಿನ ಹಸಿರು ಪಟ್ಟಿ ಎಂಟರಲ್ಲೊಂದು ಭಾಗವೂ ತುಂಬಿರಲಿಲ್ಲ. ದೂರು ಕೊಡಲು ಫೋನ್ ಎತ್ತಿಕೊಂಡವಳನ್ನು ತಡೆದು ಕಾಗದದ ಮೇಲೆ ಲೆಕ್ಕ ಬರೆದು ತೋರಿಸಿದೆ. ಸೆಕೆಂಡಿಗೆ 100 ಮೆಗಾಬಿಟ್ ಎಂದರೆ 12.5 ಮೆಗಾಬೈಟ್. ಎಲ್ಲವೂ ಸಲೀಸಾಗಿ ನಡೆದರೂ ಆ ಕಡತಕ್ಕೆ 56 ಸೆಕೆಂಡು ಬೇಕೇ ಬೇಕು. ಅವಳ ಲೆಕ್ಕ ತಪ್ಪಿದ್ದರಲ್ಲಿ ಆಶ್ಚರ್ಯವೇನಿಲ್ಲ. ಡೇಟಾ ಪ್ಯಾಕಿನ ಒಂದೇ ಜಾಹೀರಾತಿನಲ್ಲಿ ಬಳಕೆಯ ಮಿತಿಯನ್ನು ಬೈಟಿನಲ್ಲೂ ವೇಗವನ್ನು ಬಿಟ್ಟಿನಲ್ಲೂ ಹೇಳುತ್ತಾರೆ.

ಈ ಗೊಂದಲದ ಭಯ ಹಳೆಯದು. 1956ರಲ್ಲಿ ಕಂಪ್ಯೂಟರ್ ಕಂಪನಿ ಐಬಿಎಂನ ವರ್ನರ್ ಬುಕೋಲ್ಟ್ಸ್ 'ಬೈಟ್' ಎಂಬ ಪದ ಹುಟ್ಟುಹಾಕಿದಾಗ, 'ಕಚ್ಚು' ಎಂಬರ್ಥದ ಇಂಗ್ಲಿಷ್ ಪದದ (bite) ಕಾಗುಣಿತವನ್ನು ಬೇಕೆಂದೇ byte ಎಂದು ಬದಲಿಸಿದರು. ಹಾಗೆಯೇ ಉಳಿಸಿದ್ದರೆ, ಕೊನೆಯ ಒಂದಕ್ಷರ ಕೈತಪ್ಪಿದರೂ ಅದು 'ಬಿಟ್' (bit) ಆಗಿಬಿಡುತ್ತಿತ್ತು. ಕನ್ನಡದಲ್ಲಿ ಪದವನ್ನು ಪೂರ್ತಿ ಬರೆದರೆ ಈ ಭಯವೇ ಇಲ್ಲ. ಇಷ್ಟು ಸುಲಭದ ದಾರಿ ಇರುವಾಗ ಸಂಕ್ಷೇಪಕ್ಕೆ ಏಕೆ ಜೋತುಬೀಳಬೇಕು?

ಹಣದ ವಿಷಯದಲ್ಲೂ ಇದೇ ಕಥೆ. ಬರಿದೇ 'ಡಾಲರ್' ಎಂದರೆ ಅಮೆರಿಕದ್ದೋ, ಕೆನಡಾದ್ದೋ, ಆಸ್ಟ್ರೇಲಿಯಾದ್ದೋ, ಸಿಂಗಪುರದ್ದೋ? ರೂಪಾಯಿ ಎಂಬ ಹೆಸರು ಭಾರತದಲ್ಲಷ್ಟೇ ಅಲ್ಲ, ನೇಪಾಳ, ಪಾಕಿಸ್ತಾನ, ಶ್ರೀಲಂಕಾ, ಮಾರಿಷಸ್‌ಗಳಲ್ಲೂ ಇದೆ. ಈ ಗಲಿಬಿಲಿ ತಪ್ಪಿಸಲೆಂದೇ ಪ್ರತಿ ಕರೆನ್ಸಿಗೂ ಮೂರಕ್ಷರದ ಸಂಕೇತ ಕೊಡುವ ಐಎಸ್‌ಒ 4217 ಎಂಬ ಅಂತರರಾಷ್ಟ್ರೀಯ ಮಾನದಂಡ 1978ರಲ್ಲಿ ಬಂತು. ದೇಶದೇಶಗಳ ನಡುವಿನ ವ್ಯವಹಾರದಲ್ಲಿ ಬ್ಯಾಂಕುಗಳು ಅದನ್ನೇ ಬಳಸುತ್ತವೆ. ದಶಮಾಂಶ ಚುಕ್ಕಿಯ ನಂತರ ಎಷ್ಟು ಅಂಕೆ ಎಂಬುದೂ ದೇಶದಿಂದ ದೇಶಕ್ಕೆ ಬೇರೆ: ಕುವೈತಿನ ಒಂದು ದಿನಾರಿಗೆ 1000 ಫಿಲ್ಸ್. ಅಲ್ಲಿ 1.250 ಎಂದರೆ ಒಂದು ದಿನಾರ್, 250 ಫಿಲ್ಸ್. ಆ ಚುಕ್ಕಿಯನ್ನು ಅಲ್ಪವಿರಾಮವೆಂದು ಓದಿದವರಿಗೆ ಅದು ಸಾವಿರದ ಇನ್ನೂರ ಐವತ್ತಾಗಿ ಕಾಣುತ್ತದೆ.

ಯಾವ ದೇಶದಲ್ಲಿ ಡೇಟಾ ಅಗ್ಗ ಎಂದು ಹೋಲಿಸುವ ವರದಿಗಳಲ್ಲಂತೂ ಈ ಎರಡೂ ತೊಡಕುಗಳು ಒಂದೇ ಸಾಲಿನಲ್ಲಿ ಸೇರುತ್ತವೆ. 'ಒಂದು ಜಿಬಿಗೆ ಇಷ್ಟು ಡಾಲರ್' ಎಂದು ಓದಿದವನ ಕೈಗೆ ಏನು ಸಿಕ್ಕಿತು? ಅದನ್ನೇ ನಂಬಿ ಹಣ ಕಟ್ಟುವವರಿದ್ದಾರೆ ಎಂಬುದೇ ನನ್ನ ಸಂಕಟ.

ದಯವಿಟ್ಟು 'ಸೆಕೆಂಡಿಗೆ ಇಷ್ಟು ಮೆಗಾಬಿಟ್', 'ಇಷ್ಟು ಕೆನಡಾ ಡಾಲರ್' ಎಂದು ಬಿಡಿಸಿ ಬರೆಯಿರಿ. ಶೀರ್ಷಿಕೆಯಲ್ಲಿ ಜಾಗ ಸಾಲದಿದ್ದರೆ ವರದಿಯ ಮೊದಲ ಸಾಲಿನಲ್ಲಾದರೂ ಇರಲಿ.

ಇಂತಿ,
ನಿಮ್ಮ ನಿತ್ಯದ ಓದುಗ