ಖಾತೆಯ ಹೆಸರಷ್ಟೇ ಅಲ್ಲ, ತೀರ್ಮಾನವೂ ಅವಳದಾಗಲಿ: ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವರಿಗೆ ಬಹಿರಂಗ ಪತ್ರ

ಮಾನ್ಯ ಸಚಿವರೇ,

ಜನನ ಪ್ರಮಾಣ ಎಷ್ಟು ಇಳಿಯಿತು ಎಂಬ ಅಂಕಿ ನಿಮ್ಮ ಮೇಜಿಗೆ ಬರುತ್ತದೆ. ಆ ಇಳಿಕೆಯಲ್ಲಿ ಹೆಣ್ಣಿನ ಮಾತು ಎಷ್ಟು ನಡೆಯಿತು ಎಂಬುದು ಬರುವುದಿಲ್ಲ. ತಾಯಿ-ಮಕ್ಕಳ ಆರೋಗ್ಯದ ಕೆಲಸದಲ್ಲಿರುವ ನಮಗೆ ಎರಡನೆಯದೇ ಮುಖ್ಯ.

ದಕ್ಷಿಣ ಆಫ್ರಿಕಾದಲ್ಲಿ 1990ರ ದಶಕದ ಆರಂಭದಲ್ಲಿ ಕಪ್ಪು ವೃದ್ಧರಿಗೂ ದೊಡ್ಡ ಮೊತ್ತದ ಪಿಂಚಣಿ ಸಿಗತೊಡಗಿತು. ಅರ್ಥಶಾಸ್ತ್ರಜ್ಞೆ ಎಸ್ತರ್ ಡುಫ್ಲೊ ಲೆಕ್ಕ ಹಾಕಿ ನೋಡಿದಾಗ, ಅಜ್ಜಿಗೆ ಪಿಂಚಣಿ ಬರುವ ಮನೆಗಳಲ್ಲಿ ಹೆಣ್ಣುಮಕ್ಕಳ ಎತ್ತರಕ್ಕೆ ತಕ್ಕ ತೂಕ ಸುಧಾರಿಸಿತ್ತು. ಅಜ್ಜನಿಗೆ ಬಂದಲ್ಲಿ ಆ ಬದಲಾವಣೆ ಕಾಣಲಿಲ್ಲ.

ಹಾಗಾಗಿ ಸರ್ಕಾರದ ನೆರವಿನ ಹಣ ಜಂಟಿ ಖಾತೆಗೆ ಬೇಡ, ತಾಯಿಯ ಸ್ವಂತ ಖಾತೆಗೇ ಹೋಗಲಿ. ಜಮಾ ಸಂದೇಶ ಅವಳದೇ ಮೊಬೈಲಿಗೆ ಬರಲಿ. ಕಾರ್ಡು, ಪಿನ್ ಇನ್ನೊಬ್ಬರ ಕೈಯಲ್ಲಿದ್ದರೆ ಪಾಸ್‌ಬುಕ್ಕಿನ ಮೇಲಿನ ಹೆಸರಿಗೆ ಬೆಲೆಯಿಲ್ಲ. ಪಾವತಿಗೆ ನಿಗದಿತ ದಿನವೂ ಬೇಕು. ತಿಂಗಳು ತಪ್ಪಿ ಬಂದ ಹಣ ಮಗುವಿನ ಊಟಕ್ಕಲ್ಲ, ಹಳೇ ಸಾಲಕ್ಕೆ ಹೋಗುತ್ತದೆ.

ಗರ್ಭನಿರೋಧಕದ ವಿಷಯ ಇನ್ನೂ ಸೂಕ್ಷ್ಮ. ಜಾಂಬಿಯಾದ ಲುಸಾಕಾದಲ್ಲಿ ನಡೆದ ಅಧ್ಯಯನವೊಂದರಲ್ಲಿ ಕೆಲವು ಮಹಿಳೆಯರಿಗೆ ಗರ್ಭನಿರೋಧಕ ಸೇವೆ ಪಡೆಯುವ ಚೀಟಿಯನ್ನು ಒಂಟಿಯಾಗಿದ್ದಾಗ ಕೊಟ್ಟರು, ಕೆಲವರಿಗೆ ಗಂಡನ ಎದುರಲ್ಲಿ. ಒಂಟಿಯಾಗಿ ಪಡೆದವರಲ್ಲಿ ಹೆಚ್ಚಿನವರು ದಾದಿಯ ಬಳಿ ಹೋದರು. ಚುಚ್ಚುಮದ್ದಿನಂಥ, ಯಾರಿಗೂ ಕಾಣದ ವಿಧಾನಗಳನ್ನು ಹೆಚ್ಚಾಗಿ ಆರಿಸಿಕೊಂಡರು. ಆದರೆ ಗುಟ್ಟಿಗೂ ಬೆಲೆ ತೆರಬೇಕು: ಅವರ ಮನಸ್ಸಿನ ನೆಮ್ಮದಿ ತಗ್ಗಿದಂತೆ ಕಂಡಿತು. ಆದ್ದರಿಂದ ಪ್ರತಿ ಕೇಂದ್ರದಲ್ಲಿ ಬಾಗಿಲು ಹಾಕಿಕೊಂಡು ಮಾತಾಡಲು ಒಂದು ಕೋಣೆ ಇರಲಿ. ಹೆರಿಗೆಯ ಅಪಾಯಗಳನ್ನು ಗಂಡಂದಿರಿಗೂ ಪ್ರತ್ಯೇಕವಾಗಿ ತಿಳಿಸುವ ವ್ಯವಸ್ಥೆಯಾಗಲಿ.

ಹೆರಿಗೆಯಾದ ಮೇಲೆ ಮತ್ತೆ ಗರ್ಭ ಧರಿಸಲು ಕನಿಷ್ಠ 24 ತಿಂಗಳು ಕಾಯಿರಿ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಈ ಅಂತರ ಕೈತಪ್ಪುವುದು ಹೆಚ್ಚಾಗಿ ಸಣ್ಣ ಕಾರಣಗಳಿಗೆ. ಮೂರು ತಿಂಗಳ ಚುಚ್ಚುಮದ್ದು ಹಾಕಿಸಿಕೊಂಡವಳಿಗೆ ಮುಟ್ಟು ಏರುಪೇರಾಗಬಹುದು ಅಥವಾ ನಿಂತೇಹೋಗಬಹುದು ಎಂದು ಮೊದಲೇ ಹೇಳಿರುವುದಿಲ್ಲ. ಗಾಬರಿಯಾಗಿ ಮುಂದಿನ ಡೋಸ್ ಬಿಡುತ್ತಾಳೆ. ಇಲ್ಲವೇ ಅವಳು ಬಂದ ದಿನ ದಾಸ್ತಾನೇ ಇರುವುದಿಲ್ಲ. ಕಾಪರ್-ಟಿ ತೆಗೆಸಲು ಬಂದವಳಿಗೆ "ಇನ್ನೂ ಸ್ವಲ್ಪ ದಿನ ನೋಡು" ಎಂದು ವಾಪಸು ಕಳಿಸುವುದು ಬಲವಂತವೇ. ಬೇಡ ಎನ್ನುವ ಹಕ್ಕು ಇಲ್ಲದ ಕಡೆ ಬೇಕು ಎಂದದ್ದಕ್ಕೆ ಅರ್ಥವಿಲ್ಲ. ಇಷ್ಟು ಜನಕ್ಕೆ ಹಾಕಿಸಿ ಎಂದು ಸಿಬ್ಬಂದಿಗೆ ಗುರಿ ಕೊಟ್ಟು ಒತ್ತಡ ಹೇರಿದಲ್ಲೆಲ್ಲ ಹೀಗೆಯೇ ಆಗುತ್ತದೆ.

ದುಡಿಮೆಗೆ ಬಂದರೆ, ಶಿಶುಪಾಲನಾ ಕೇಂದ್ರ ತಾಯಿಯ ಪಾಳಿ ಮುಗಿಯುವವರೆಗೆ ತೆರೆದಿರಬೇಕು. ಮಧ್ಯಾಹ್ನವೇ ಬೀಗ ಬಿದ್ದರೆ ಚಿಕ್ಕದನ್ನು ನೋಡಿಕೊಳ್ಳಲು ದೊಡ್ಡ ಮಗಳು ಶಾಲೆ ಬಿಡುತ್ತಾಳೆ. ತಾಯಿಗೆ ಕೆಲಸ ಕೊಟ್ಟು ಮಗಳ ಓದು ಕಿತ್ತುಕೊಂಡಂತಾಗುತ್ತದೆ.

ಮುಂದಿನ ವಾರ್ಷಿಕ ವರದಿಗೆ ಮೂರು ಅಂಕಣ ಸೇರಿಸಿ: ಮಹಿಳೆಯರೇ ನಿರ್ವಹಿಸುವ ಖಾತೆಗಳೆಷ್ಟು, ಪ್ರತಿ ಕೇಂದ್ರದಲ್ಲಿ ಗರ್ಭನಿರೋಧಕ ಇಲ್ಲದ ದಿನಗಳೆಷ್ಟು, ಕಾಪರ್-ಟಿ ತೆಗೆಸಲು ಬಂದವರಲ್ಲಿ ಅದೇ ದಿನ ಸೇವೆ ಸಿಕ್ಕವರೆಷ್ಟು.

ಇಂತಿ,
ತಾಯಿ-ಮಕ್ಕಳ ಆರೋಗ್ಯ ಕ್ಷೇತ್ರದ ಕಾರ್ಯಕರ್ತರು